ಗಾಳಿ ಕೇಳಿ ನೀರಿಗಿಳಿಯಿರಿ: ಮಾಲ್ಟಾ ಕಡಲಿನ ಬಗ್ಗೆ ಓದುಗರ ಪ್ರಶ್ನೆಗಳು

ಸಿಸಿಲಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಕಡಲಿನ ನಡುವೆ ಇರುವ ಮಾಲ್ಟಾ, ಗೋಜೋ ಮತ್ತು ಕೊಮಿನೋ ದ್ವೀಪಗಳಲ್ಲಿ ಸ್ನಾರ್ಕಲಿಂಗ್ (ಉಸಿರುಕೊಳವೆ ಕಚ್ಚಿ ನೀರಿನ ಮೇಲೆ ತೇಲುತ್ತ ನೋಡುವುದು) ಹಾಗೂ ಸ್ಕೂಬಾ ಡೈವಿಂಗ್ (ಗಾಳಿಯ ಸಿಲಿಂಡರ್ ಹೊತ್ತು ಮುಳುಗುವುದು) ಮಾಡುವ ಬಗ್ಗೆ ಹಲವು ಓದುಗರು ಬರೆದು ಕೇಳಿದ್ದಾರೆ. ಅವುಗಳಲ್ಲಿ ಆರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಪತಿಗೆ ಸ್ಕೂಬಾ ಡೈವಿಂಗ್ ಕಲಿಯುವ ಆಸೆ. ನನಗೆ ಈಜು ಅಷ್ಟಕ್ಕಷ್ಟೇ, ಆಳವೆಂದರೆ ಭಯ. ನಾನು ಬರಿಯ ಸ್ನಾರ್ಕಲ್ ಹಿಡಿದು ಹೋದರೆ ಮಾಲ್ಟಾದಲ್ಲಿ ನೋಡುವಂಥದ್ದು ಏನಾದರೂ ಸಿಗುತ್ತದೆಯೇ, ಅಥವಾ ದಡದಲ್ಲೇ ಕುಳಿತಿರಬೇಕಾಗುತ್ತದೆಯೇ?

ಉತ್ತರ: ದಡದಲ್ಲಿ ಕುಳಿತಿರಬೇಕಾದ ಅಗತ್ಯ ಖಂಡಿತ ಇಲ್ಲ. ಮಾಲ್ಟಾದಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲದ ಕಾರಣ ಕಡಲಿಗೆ ಮಣ್ಣು ಬಂದು ಸೇರುವುದು ಬಹಳ ಕಡಿಮೆ. ನೀರು ಎಷ್ಟು ತಿಳಿಯಾಗಿರುತ್ತದೆಂದರೆ, ಒಳ್ಳೆಯ ದಿನಗಳಲ್ಲಿ 30 ಮೀಟರ್ ದೂರದವರೆಗೂ ಕಣ್ಣು ಹಾಯುತ್ತದೆ. ಮೇಲೆ ತೇಲುತ್ತಲೇ ಬಂಡೆಗಳ ಬುಡವನ್ನು, ಅಲ್ಲಿ ಓಡಾಡುವ ಮೀನುಗಳನ್ನು ನೋಡಬಹುದು. ಮೆಡಿಟರೇನಿಯನ್ನಿನ ನೀರು ಮಹಾಸಾಗರಗಳ ನೀರಿಗಿಂತ ಹೆಚ್ಚು ಉಪ್ಪಾಗಿರುವುದೂ ನಿಮಗೆ ಅನುಕೂಲವೇ. ಮೈ ಸುಲಭವಾಗಿ ತೇಲುತ್ತದೆ. ಹಾಗಿದ್ದರೂ ಲೈಫ್ ಜಾಕೆಟ್ ತೊಟ್ಟೇ ಇಳಿಯಿರಿ, ಮತ್ತು ಒಬ್ಬರೇ ಇಳಿಯಬೇಡಿ.

ಮಾಸ್ಕ್ ಆರಿಸಿಕೊಳ್ಳುವಾಗ ಅವಸರ ಮಾಡಬೇಡಿ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಎಳೆದುಕೊಳ್ಳಿ. ಕೈ ಬಿಟ್ಟರೂ ಅದು ಮುಖದ ಮೇಲೆ ಅಂಟಿಕೊಂಡೇ ನಿಂತರೆ ನಿಮಗೆ ಒಪ್ಪುವ ಅಳತೆ ಅದು. ಒಂದೇ ಒಂದು ಕೂದಲೆಳೆ ರಬ್ಬರಿನ ಅಂಚಿನಡಿ ಸಿಕ್ಕಿಕೊಂಡರೂ ನೀರು ಜಿನುಗುತ್ತದೆ. ನಿಮ್ಮ ಪತಿಗೆ ದಪ್ಪ ಮೀಸೆಯಿದ್ದರೆ ಅವರಿಗೂ ಈ ತೊಂದರೆ ಬಂದೇ ಬರುತ್ತದೆ. ಕನ್ನಡಕ ಹಾಕುವವರಿಗೆ ಪವರ್ ಇರುವ ಗಾಜಿನ ಮಾಸ್ಕ್‌ಗಳು ಸಿಗುತ್ತವೆ, ಮೊದಲೇ ಕೇಳಿ ಇರಿಸಿಕೊಳ್ಳಿ.

ಕೊಮಿನೋದ ನೀಲಿ ಲಗೂನ್ ಬಗ್ಗೆ ನೀವು ಕೇಳಿಯೇ ಇರುತ್ತೀರಿ. ಬಿಳಿ ಮರಳಿನ ಮೇಲೆ ತಿಳಿನೀಲಿ ನೀರು. ನೋಟಕ್ಕೆ ಅದಕ್ಕಿಂತ ಚೆಲುವು ಬೇಕಿಲ್ಲ. ಆದರೆ ಬರಿಯ ಮರಳಿರುವಲ್ಲಿ ಮೀನಿಗೆ ಅಡಗಲು ಜಾಗವಿಲ್ಲ, ಬೇಸಿಗೆಯ ನಡುಹಗಲಲ್ಲಿ ದೋಣಿಗಳ ಮತ್ತು ಜನರ ಗದ್ದಲವೂ ವಿಪರೀತ. ಜೀವಿಗಳನ್ನು ನೋಡಬೇಕೆಂದರೆ ಬಂಡೆಯ ಅಂಚು ಹಿಡಿದು ಸಾಗಬೇಕು. ಮಾಲ್ಟಾದ ನೈಋತ್ಯ ತೀರದ ಆರ್ ಲಾಪ್ಸಿ, ಗೋಜೋದ ಶ್ಲೆಂದಿ ಕೊಲ್ಲಿ, ಇವು ಹೊಸಬರಿಗೆ ಹಿತವಾದ ಜಾಗಗಳು. ದೋಣಿಗಳು ಓಡಾಡುವಲ್ಲಿ ಈಜುಗಾರರಿಗೆಂದು ತೇಲುಬುರುಡೆಗಳಿಂದ ಗುರುತಿಸಿದ ಗೆರೆಯ ಒಳಗೇ ಇರಿ.

ಪ್ರಶ್ನೆ: ಐದು ದಿನಗಳ ಪ್ರವಾಸಕ್ಕೆ ಯಾವ ದಿನ ಎಲ್ಲಿ ಡೈವ್ ಮಾಡಬೇಕೆಂದು ಪಟ್ಟಿ ಹಾಕಿಕೊಂಡಿದ್ದೇನೆ. ಎಲ್ಲವನ್ನೂ ಮುಂಗಡವಾಗಿ ಗೊತ್ತುಮಾಡಿಕೊಳ್ಳಬಹುದೇ? ಯಾವ ತಿಂಗಳು ಒಳ್ಳೆಯದು?

ಉತ್ತರ: ಡೈವಿಂಗ್ ಕೇಂದ್ರವನ್ನು ಮುಂಗಡವಾಗಿ ಗೊತ್ತುಮಾಡಿಕೊಳ್ಳಿ, ಜಾಗವನ್ನಲ್ಲ. ಮಾಲ್ಟಾದಲ್ಲಿ ಈ ಹೊತ್ತು ಎಲ್ಲಿ ಇಳಿಯಬೇಕೆಂಬುದನ್ನು ತೀರ್ಮಾನಿಸುವುದು ಗಾಳಿ. ಅಲ್ಲಿನ ಗೈಡುಗಳು ಬೆಳಿಗ್ಗೆ ಎದ್ದು ಮೊದಲು ನೋಡುವುದು ಗಾಳಿಯ ದಿಕ್ಕನ್ನು. ಗಾಳಿಗಳನ್ನು ಅವರು ಮನೆಯವರನ್ನು ಕರೆದಂತೆ ಹೆಸರು ಹಿಡಿದೇ ಕರೆಯುತ್ತಾರೆ. ವಾಯವ್ಯದಿಂದ ಬೀಸುವುದು ಮಜ್ಜಿಸ್ತ್ರಾಲ್. ಇದೇ ಹೆಚ್ಚಾಗಿ ಬೀಸುವ ಗಾಳಿ. ಈಶಾನ್ಯದಿಂದ ಬರುವುದು ಗ್ರಿಗಾಲ್, ಆಗ್ನೇಯದಿಂದ ಬರುವುದು ಶ್ಲೊಕ್. ಕ್ರೈಸ್ತ ಧರ್ಮಪ್ರಚಾರಕ ಸಂತ ಪೌಲನಿದ್ದ ಹಡಗು ಮಾಲ್ಟಾದಲ್ಲಿ ಒಡೆದದ್ದು ಇದೇ ಗ್ರಿಗಾಲ್ ಗಾಳಿಗೆ ಸಿಕ್ಕಿ ಎಂದು ದ್ವೀಪದವರು ನಂಬುತ್ತಾರೆ.

ಮಜ್ಜಿಸ್ತ್ರಾಲ್ ಜೋರಾದ ದಿನ ಗೋಜೋದ ಪಶ್ಚಿಮ ತುದಿಯ ಡ್ವೇರಾಗೂ ಮಾಲ್ಟಾದ ವಾಯವ್ಯ ತುದಿಯ ಚಿರ್ಕೆವ್ವಾಗೂ ತೆರೆ ನೇರವಾಗಿ ಬಂದು ಬಡಿಯುತ್ತದೆ. ಆ ದಿನ ಗೋಜೋದ ಆಗ್ನೇಯ ಮಗ್ಗುಲಿನ ಶತ್ ಲಾಹ್ಮರ್‌ನಂತಹ ಜಾಗ ಶಾಂತವಾಗಿರುತ್ತದೆ. ಗ್ರಿಗಾಲ್ ಎದ್ದರೆ ಲೆಕ್ಕ ತಿರುಗುಮುರುಗಾಗಿ, ಪಶ್ಚಿಮದ ಡ್ವೇರಾ ಮತ್ತು ಶ್ಲೆಂದಿಗೆ ಮರೆ ಸಿಗುತ್ತದೆ. ಶ್ಲೊಕ್ ಬೀಸುವಾಗ ಗೋಜೋದ ಉತ್ತರ ತೀರ ನೋಡಬೇಕು. ದ್ವೀಪಗಳು ಚಿಕ್ಕವಾಗಿರುವುದು ಇಲ್ಲಿ ಪುಣ್ಯ. ಗೋಜೋದ ಉದ್ದ ಸುಮಾರು 14 ಕಿಲೋಮೀಟರ್ ಅಷ್ಟೇ, ಮಾಲ್ಟಾದಿಂದ ಅಲ್ಲಿಗೆ ಫೆರಿಯಲ್ಲಿ ಅರ್ಧ ಗಂಟೆಯೊಳಗಿನ ಪ್ರಯಾಣ. ಒಂದು ಮಗ್ಗುಲು ಕೆರಳಿದ್ದರೆ ಇನ್ನೊಂದು ಮಗ್ಗುಲಿಗೆ ವ್ಯಾನ್ ತಿರುಗಿಸಿದರಾಯಿತು.

ಡ್ವೇರಾಗೆ ಹೋಗಲೇಬೇಕೆಂದು ಹಟ ಹಿಡಿದು ನಾನೊಮ್ಮೆ ಗೈಡನ್ನು ಒತ್ತಾಯಿಸಿದ್ದೆ. ಆತ ಮರುಮಾತಾಡದೆ ನನ್ನನ್ನು ಬಂಡೆಯ ಮೇಲೆ ಕರೆದೊಯ್ದು, ನಾವು ನೀರಿಗಿಳಿಯಬೇಕಾಗಿದ್ದ ಜಾಗವನ್ನು ತೋರಿಸಿ ಹತ್ತು ನಿಮಿಷ ಸುಮ್ಮನೆ ನಿಂತ. ಏಳೆಂಟು ಸಣ್ಣ ಅಲೆಗಳು ಬಂದು ಹೋದವು. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡದೊಂದು ತೆರೆ ಬಂದು ಆ ಬಂಡೆಯನ್ನು ಪೂರ್ತಿ ಮುಳುಗಿಸಿ, ಹಿಂದಿರುಗುವಾಗ ಅಂಗೈಯಗಲದ ಕಲ್ಲುಗಳನ್ನು ಎಳೆದುಕೊಂಡು ಹೋಯಿತು. ಇಳಿಯುವುದಕ್ಕಿಂತ ಹತ್ತಿ ಬರುವುದು ಕಷ್ಟ ಎಂಬುದನ್ನು ನಾನು ತಿಳಿದದ್ದು ಆವತ್ತು. ಆದ್ದರಿಂದ ಗೈಡು ಬೇಡವೆಂದ ದಿನ ಬೇಡವೆಂದೇ ಇಟ್ಟುಕೊಳ್ಳಿ, ಐದು ದಿನಗಳಲ್ಲಿ ಒಂದನ್ನು ಖಾಲಿ ಬಿಟ್ಟಿರಿ.

ತಿಂಗಳಿನ ವಿಚಾರ: ಫೆಬ್ರವರಿ–ಮಾರ್ಚ್‌ನಲ್ಲಿ ನೀರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ, ಆಗಸ್ಟ್‌ನಲ್ಲಿ 26ರ ಮೇಲೇರುತ್ತದೆ. ನನ್ನ ಆಯ್ಕೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ಅವಧಿ. ಆಗಲೂ ಮಳೆಗಾಳಿ ಎದುರಾಗಬಹುದು, ಆದರೆ ಬೇಸಿಗೆಯ ಬಿಸಿ ನೀರಿನಲ್ಲಿ ಇನ್ನೂ ಉಳಿದಿರುತ್ತದೆ, ಜನಸಂದಣಿ ಇಳಿದಿರುತ್ತದೆ.

ಪ್ರಶ್ನೆ: ಡ್ವೇರಾದ ಕಲ್ಲಿನ ಕಮಾನನ್ನು ಹಳೆಯ ಚಿತ್ರಗಳಲ್ಲಿ ನೋಡಿದ್ದೇನೆ. ಅದು ಬಿದ್ದುಹೋಯಿತಂತೆ. ಇನ್ನು ಅಲ್ಲಿಗೆ ಹೋಗಿ ಪ್ರಯೋಜನವಿದೆಯೇ?

ಉತ್ತರ: ಅಜೂರ್ ವಿಂಡೋ ಎಂದು ಹೆಸರಾಗಿದ್ದ ಆ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಯಲ್ಲಿ ಕುಸಿದದ್ದು ನಿಜ. ಅಲೆಗಳು ಬುಡವನ್ನು ಕೊರೆಯುತ್ತಲೇ ಇದ್ದ ಸುಣ್ಣಕಲ್ಲು ಅದು. ಆದರೆ ಡೈವ್ ಮಾಡುವವರಿಗೆ ಡ್ವೇರಾ ಇಂದಿಗೂ ಡ್ವೇರಾವೇ. ಕಮಾನಿನ ಅವಶೇಷಗಳು ನೀರಿನಡಿ ಮನೆಯ ಗಾತ್ರದ ಬಂಡೆಗಳಾಗಿ ಬಿದ್ದಿವೆ, ಅವುಗಳ ಸಂದುಗಳಲ್ಲಿ ಈಗ ಮೀನುಗಳು ನೆಲೆಯೂರಿವೆ.

ಅದರ ಪಕ್ಕದಲ್ಲೇ ಬ್ಲೂ ಹೋಲ್ ಇದೆ. ಚೂಪಾದ ಸುಣ್ಣಕಲ್ಲಿನ ಮೇಲೆ ಸಿಲಿಂಡರ್ ಹೊತ್ತು ಹುಷಾರಾಗಿ ನಡೆದು ಹೋಗಬೇಕು. ಗಟ್ಟಿ ಅಟ್ಟೆಯ ಬೂಟು ಇಲ್ಲದಿದ್ದರೆ ಪಾದಕ್ಕೆ ಗಾಯ ತಪ್ಪದು. ಬಂಡೆಯ ನಡುವೆ ಬಾವಿಯಂತೆ ತೆರೆದಿರುವ ಆ ಗುಂಡಿಯಲ್ಲಿ ಕೆಲವು ಮೀಟರ್ ಕೆಳಗಿಳಿದರೆ ಒಂದು ಮಗ್ಗುಲಲ್ಲಿ ಕಮಾನು ತೆರೆದುಕೊಳ್ಳುತ್ತದೆ, ಅದರಾಚೆಗೆ ತೆರೆದ ಕಡಲು. ಬಾವಿಯ ಗೋಡೆಯ ನೆರಳಿನಲ್ಲಿ ನಿಂತು ಆ ಕಮಾನಿನತ್ತ ನೋಡುವಾಗ ಕಾಣುವ ನೀಲಿಗೆ ನನ್ನಲ್ಲಿ ಬೇರೆ ಹೆಸರಿಲ್ಲ. ಗೋಡೆಗೆ ಟಾರ್ಚ್ ಹಿಡಿಯಲು ಮರೆಯಬೇಡಿ. ನೀರಿನ ಆಳ ಹೆಚ್ಚಿದಂತೆ ಮೊದಲು ಮಾಯವಾಗುವುದು ಕೆಂಪು ಬಣ್ಣ. ಬೂದಿಯಂತೆ ಕಾಣುತ್ತಿದ್ದ ಕಲ್ಲಿನ ಮೇಲೆ ಬೆಳಕು ಬಿದ್ದೊಡನೆ ಕಿತ್ತಳೆ ಮತ್ತು ಕುಂಕುಮ ಬಣ್ಣದ ಸ್ಪಂಜುಗಳು ಎದ್ದು ಕಾಣುತ್ತವೆ. ಸ್ನಾರ್ಕಲ್ ಮಾಡುವವರು ಸಮೀಪದ ಇನ್‌ಲ್ಯಾಂಡ್ ಸೀ ಎಂಬ ಕೊಳದಂತಹ ಜಾಗದಲ್ಲಿ ತೇಲಬಹುದು, ಆದರೆ ಅಲ್ಲಿಂದ ಕಡಲಿಗೆ ಸಾಗುವ ಸುರಂಗದೊಳಗೆ ದೋಣಿಗಳು ಓಡಾಡುವುದರಿಂದ ಅತ್ತ ಹೋಗಬಾರದು.

ಪ್ರಶ್ನೆ: ಸ್ಕೂಬಾದ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಈಗಷ್ಟೇ ಮುಗಿಸಿದ್ದೇನೆ. ಮುಳುಗಿದ ಹಡಗು ನೋಡುವುದು ನನ್ನ ಬಹುದಿನಗಳ ಕನಸು. ಉಮ್ ಎಲ್ ಫರೂದ್ ಹಡಗಿಗೆ ಇಳಿಯಬಹುದೇ?

ಉತ್ತರ: ಈಗಲೇ ಬೇಡ. ನಿಮ್ಮ ಅರ್ಹತೆಯ ಮಿತಿ 18 ಮೀಟರ್. ಉಮ್ ಎಲ್ ಫರೂದ್ ಇರುವುದು ಸುಮಾರು 36 ಮೀಟರ್ ಆಳದ ಮರಳಿನ ಮೇಲೆ. ಅಷ್ಟು ಆಳದಲ್ಲಿ ಸಿಲಿಂಡರಿನ ಗಾಳಿ ಮೇಲಿಗಿಂತ ನಾಲ್ಕೂವರೆ ಪಟ್ಟು ವೇಗವಾಗಿ ಖರ್ಚಾಗುತ್ತದೆ, ಒತ್ತಡದಲ್ಲಿ ಉಸಿರಾಡುವ ಗಾಳಿಯ ಸಾರಜನಕ ಅಮಲಿನಂತೆ ತಲೆಗೇರಿ ತೀರ್ಮಾನಗಳು ತಪ್ಪುತ್ತವೆ.

ಆ ಹಡಗಿನ ಕಥೆಯನ್ನೂ ತಿಳಿದಿರಿ. 110 ಮೀಟರ್ ಉದ್ದದ ಆ ತೈಲ ಹಡಗು 1995ರ ಫೆಬ್ರವರಿಯಲ್ಲಿ ಮಾಲ್ಟಾದ ಹಡಗುಕಟ್ಟೆಯಲ್ಲಿ ದುರಸ್ತಿಗೆ ನಿಂತಿದ್ದಾಗ ಒಳಗೆ ಸ್ಫೋಟವಾಗಿ ಒಂಬತ್ತು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಮತ್ತೆ ಕಡಲಿಗೆ ಇಳಿಸಲಾಗದಷ್ಟು ಹಾಳಾಗಿದ್ದ ಅದನ್ನು 1998ರಲ್ಲಿ ವೀದ್ ಇಜ್ಜುರ್ರೀ ತೀರದಾಚೆ ಬೇಕೆಂದೇ ಮುಳುಗಿಸಲಾಯಿತು. ಮುಂದೆ ಚಳಿಗಾಲದ ಬಿರುಗಾಳಿಯೊಂದು ಅದನ್ನು ಎರಡು ತುಂಡು ಮಾಡಿತು. ಮುಂದೊಂದು ದಿನ ನೀವು ಅಲ್ಲಿಗೆ ಇಳಿದಾಗ ಆ ಒಂಬತ್ತು ಜನ ನಿಮ್ಮ ನೆನಪಿನಲ್ಲಿರಲಿ. ಅದರ ಕಬ್ಬಿಣದ ಮೇಲೆ ಹೆಸರು ಗೀಚುವವರನ್ನು ಕಂಡು ನನಗೆ ನೋವಾಗಿದೆ.

ಸದ್ಯಕ್ಕೆ ನಿಮಗೆ ತಕ್ಕದ್ದು ರಾಜಧಾನಿ ವಲ್ಲೆಟ್ಟಾದ ಸೇಂಟ್ ಎಲ್ಮೋ ಕೊಲ್ಲಿಯಲ್ಲಿ ಮುಳುಗಿರುವ ಮಾವೊರಿ ಹಡಗು. ಬ್ರಿಟಿಷ್ ನೌಕಾಪಡೆಯ ಈ ಡಿಸ್ಟ್ರಾಯರ್ 1941ರಲ್ಲಿ ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆಯ ಬೇಟೆಯಲ್ಲಿ ಪಾಲ್ಗೊಂಡಿತ್ತು. 1942ರ ಫೆಬ್ರವರಿಯಲ್ಲಿ ವಲ್ಲೆಟ್ಟಾದ ಬಂದರಿನಲ್ಲಿ ನಿಂತಿದ್ದಾಗ ಜರ್ಮನ್ ಬಾಂಬಿಗೆ ತುತ್ತಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಅದನ್ನು ಬಂದರಿನಿಂದ ಎತ್ತಿ ಈಗಿನ ಜಾಗದಲ್ಲಿ ಬಿಟ್ಟರು. ಸುಮಾರು 15 ಮೀಟರಿನೊಳಗೆ ಇರುವುದರಿಂದ ಸಾವಕಾಶವಾಗಿ ನೋಡಬಹುದು. ಮರಳಿನಲ್ಲಿ ಅರ್ಧ ಹೂತ ತಗಡುಗಳ ಅಡಿ ಅಷ್ಟಪದಿಗಳು ಇರುತ್ತವೆ. ಖಾಲಿ ಚಿಪ್ಪುಗಳು ಗುಡ್ಡೆಯಾಗಿ ಬಿದ್ದಿರುವ ಬಿಲ ಕಂಡರೆ ಅಲ್ಲಿ ತಡೆದು ನೋಡಿ. ತುಕ್ಕು ಹಿಡಿದ ಒಡಲೊಳಗೆ ಮಾತ್ರ ಹೋಗಬೇಡಿ.

ಪ್ರಶ್ನೆ: ನನಗೆ 56 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಡೈವ್ ಮಾಡಬಹುದೇ? ಕೊನೆಯ ದಿನ ಬೆಳಿಗ್ಗೆ ಡೈವ್ ಮಾಡಿ ಸಂಜೆ ವಿಮಾನ ಹತ್ತಿದರೆ ತೊಂದರೆಯೇ?

ಉತ್ತರ: ವಯಸ್ಸೊಂದೇ ಅಡ್ಡಿಯಲ್ಲ. ಡೈವಿಂಗ್ ಕೇಂದ್ರದವರು ಕೊಡುವ ಆರೋಗ್ಯದ ಪ್ರಶ್ನಾವಳಿಯಲ್ಲಿ ನಿಜವನ್ನೇ ಬರೆಯಿರಿ, ಹೊರಡುವ ಮೊದಲೇ ನಿಮ್ಮ ವೈದ್ಯರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ನೆಗಡಿಯಿದ್ದರೆ ಆ ದಿನ ಇಳಿಯಲೇಬೇಡಿ. ಕಿವಿಯ ಒತ್ತಡವನ್ನು ಸರಿದೂಗಿಸಲು ಮೂಗು ಹಿಡಿದು ಮೆಲ್ಲಗೆ ಊದುವುದನ್ನು ನೋವು ಬರುವ ಮುಂಚೆಯೇ, ಪ್ರತಿ ಮೀಟರಿಗೊಮ್ಮೆ ಮಾಡಬೇಕು. ನೋವು ಬಂದ ಮೇಲೆ ಜೋರಾಗಿ ಊದಿದರೆ ಕಿವಿಯ ತಮಟೆಗೆ ಪೆಟ್ಟಾಗುತ್ತದೆ. ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಿ. ಉಸಿರನ್ನು ಎಂದೂ ಕಟ್ಟಬೇಡಿ, ಏಕೆಂದರೆ 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ.

ಸಂಜೆಯ ವಿಮಾನ ಬೇಡ. ಮೈಯಲ್ಲಿ ಕರಗಿದ ಸಾರಜನಕ ಪೂರ್ತಿ ಹೊರಹೋಗುವ ಮುನ್ನ ಎತ್ತರಕ್ಕೇರಿದರೆ ಅದು ಗುಳ್ಳೆಗಟ್ಟಿ ಕೀಲುಗಳಿಗೂ ನರಗಳಿಗೂ ಅಪಾಯ ತರುತ್ತದೆ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ದಿನ ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಒಪ್ಪಿತ ನಿಯಮ. ನಾನು ಪೂರ್ತಿ ಒಂದು ದಿನ ಬಿಡುತ್ತೇನೆ. ಡೈವ್ ಆದ ಮೇಲೆ ಕೀಲುನೋವು, ಜೋಮು, ವಿಪರೀತ ಆಯಾಸ ಕಂಡರೆ 112ಕ್ಕೆ ಕರೆ ಮಾಡಿ. ಇಂತಹ ತೊಂದರೆಗೆ ಬೇಕಾದ ಒತ್ತಡದ ಚೇಂಬರ್ ಮಾಲ್ಟಾದ ಮೇಟರ್ ದೇಯಿ ಆಸ್ಪತ್ರೆಯಲ್ಲಿದೆ.

ಪ್ರಶ್ನೆ: ನೆನಪಿಗೆಂದು ಕಡಲಡಿಯ ಚಿಪ್ಪನ್ನೋ ಮಡಕೆಯ ಚೂರನ್ನೋ ತರಬಹುದೇ? ತಳದಲ್ಲಿ ಹುಲ್ಲು ಬೆಳೆದಿರುವ ಕಡೆ ಕಾಲೂರಿ ನಿಲ್ಲಬಹುದೇ?

ಉತ್ತರ: ಎರಡೂ ಕೂಡದು. ಪ್ರಾಚೀನ ಕಡಲವ್ಯಾಪಾರಿಗಳಾದ ಫಿನೀಷಿಯನ್ನರ ಕಾಲದಿಂದಲೂ ಹಡಗುಗಳು ಹಾದುಹೋದ ಕಡಲಿದು. ಮಡಕೆಯ ಚೂರು ಸಹ ಕಾನೂನಿನ ರಕ್ಷಣೆಯಲ್ಲಿದೆ. ಏನಾದರೂ ಕಂಡರೆ ಮುಟ್ಟದೆ ಗೈಡಿಗೆ ತೋರಿಸಿ.

ನೀವು ಹುಲ್ಲು ಎಂದದ್ದು ಪೊಸಿಡೋನಿಯಾ. ಅದು ಪಾಚಿಯಲ್ಲ, ಬೇರು, ಎಲೆ, ಹೂವು ಇರುವ ನಿಜವಾದ ಸಸ್ಯ. ಇಲ್ಲಿ ಬೆಳೆಯುವ ಜಾತಿ ಮೆಡಿಟರೇನಿಯನ್ ಬಿಟ್ಟರೆ ಬೇರೆ ಯಾವ ಕಡಲಲ್ಲೂ ಇಲ್ಲ. ಮರಿ ಮೀನುಗಳಿಗೆ ಅದೇ ತೊಟ್ಟಿಲು, ತಳದ ಮರಳನ್ನು ಹಿಡಿದಿಡುವುದೂ ಅದರ ಬೇರುಗಳೇ. ಅದು ಹಬ್ಬುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಕಾಲಿಗೆ ತೊಡುವ ಈಜುರೆಕ್ಕೆಯ (ಫಿನ್) ಒಂದು ಒದೆತಕ್ಕೆ ಕಿತ್ತುಬಂದದ್ದು ನಿಮ್ಮ ಮುಂದಿನ ಪ್ರವಾಸದ ಹೊತ್ತಿಗೂ ತುಂಬಿಕೊಂಡಿರುವುದಿಲ್ಲ.

ಚಿಪ್ಪಿನ ವಿಷಯದಲ್ಲಿ ಇನ್ನೊಂದು ಮಾತು. ಈ ಹುಲ್ಲಿನ ನಡುವೆ ಒಂದು ಮೀಟರಿಗೂ ಮಿಕ್ಕಿ ಎತ್ತರ ಬೆಳೆಯಬಲ್ಲ ಪೆನ್ ಶೆಲ್ ಎಂಬ ದೊಡ್ಡ ಚಿಪ್ಪುಜೀವಿ ನೆಟ್ಟಗೆ ನಿಂತಿರುತ್ತಿತ್ತು. 2016ರಿಂದ ಹಬ್ಬಿದ ಪರೋಪಜೀವಿಯ ರೋಗದಿಂದ ಮೆಡಿಟರೇನಿಯನ್ ಉದ್ದಕ್ಕೂ ಅವು ಸತ್ತು, ಈಗ ಅಳಿವಿನ ಅಂಚಿಗೆ ಬಂದಿವೆ. ಖಾಲಿ ಚಿಪ್ಪುಗಳು ಮಾತ್ರ ಹುಲ್ಲಿನಲ್ಲಿ ಬಾಯ್ತೆರೆದು ನಿಂತಿರುವುದನ್ನು ನೀವು ನೋಡಬಹುದು. ಅವುಗಳನ್ನೂ ಕೀಳಬೇಡಿ, ಒಳಗೆ ಸಣ್ಣ ಮೀನುಗಳು ಮನೆ ಮಾಡಿಕೊಂಡಿರುತ್ತವೆ. ಎಲ್ಲಿಯಾದರೂ ಹತ್ತಿರ ಹೋದಾಗ ಎರಡು ಹೋಳುಗಳು ಮೆಲ್ಲಗೆ ಮುಚ್ಚಿಕೊಂಡರೆ ಅದು ಬದುಕಿರುವ ಚಿಪ್ಪು. ಅಷ್ಟು ದೂರದಲ್ಲೇ ನಿಂತು ಒಂದು ಫೋಟೋ ತೆಗೆಯಿರಿ, ಜಾಗ ಮತ್ತು ಆಳ ಗುರುತು ಹಾಕಿಕೊಂಡು ಡೈವಿಂಗ್ ಕೇಂದ್ರದವರಿಗೆ ಆ ದಿನವೇ ತಿಳಿಸಿ. ಉಳಿದಿರುವ ಒಂದೊಂದನ್ನೂ ಅಲ್ಲಿನ ವಿಜ್ಞಾನಿಗಳು ಹುಡುಕುತ್ತಿದ್ದಾರೆ.