ಸೀಮೆಎಣ್ಣೆ ಇಲ್ಲದೆ ಸೌದೆ ಒಲೆ ಹೊತ್ತಿಸುವುದು ಹೇಗೆ?

ಮಂಡ್ಯ ಕಡೆ ಒಣಗಿದ ತೆಂಗಿನ ಗರಿಗೇನು ಬರವೇ? ಸೀಮೆಎಣ್ಣೆ ಬೇಡವೇ ಬೇಡ. ಒಂದು ಹಿಡಿ ಗರಿ ಮುರಿದು ಒಲೆಯೊಳಗಿಡಿ. ಮೇಲೆ ಸಣ್ಣ ಪುಳ್ಳೆಗಳನ್ನು ಅಡ್ಡಡ್ಡ, ಸಡಿಲವಾಗಿ ಜೋಡಿಸಿ, ಕೆಳಗಿನಿಂದ ಬೆಂಕಿ ಹಚ್ಚಿ. ಒತ್ತಾಗಿ ತುರುಕಿದರೆ ಗಾಳಿ ಆಡುವುದಿಲ್ಲ, ಬರೀ ಹೊಗೆ. ಪುಳ್ಳೆ ಹತ್ತಿದ ಮೇಲೆ ಒಂದೆರಡು ಕರಟ ಹಾಕಿ. ಅದರ ಉರಿ ಜೋರು, ದಪ್ಪ ಸೌದೆಯೂ ಹಿಡಿಯುತ್ತದೆ. ಕಬ್ಬಿನ ತರಗೂ ಆಗುತ್ತದೆ, ಆದರೆ ಭಗ್ಗನೆ ಉರಿದು ಬೇಗ ಬೂದಿ.

ಚಿಮಣಿ ಇರುವ ಕಬ್ಬಿಣದ ಒಲೆಯಾದರೆ ಉಲ್ಟಾ ಮಾಡಿ: ಸೌದೆ ಕೆಳಗೆ, ಪುಳ್ಳೆ ಮೇಲೆ, ಬೆಂಕಿಯೂ ಮೇಲಿನಿಂದಲೇ. ಸೌದೆಯಿಂದ ಏಳುವ ಹೊಗೆ ಆ ಉರಿಯಲ್ಲೇ ಸುಟ್ಟುಹೋಗುವುದು ಜಾಸ್ತಿ.

ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟಿದ್ದರೆ ಬೆಳಿಗ್ಗೆ ಕಡ್ಡಿಪೆಟ್ಟಿಗೆಯೂ ಬೇಕಿಲ್ಲ. ತೆಂಗಿನ ನಾರು ಇಟ್ಟು ಊದುಗೊಳವೆಯಲ್ಲಿ ಊದಿ, ಅಷ್ಟೇ.