ದೊಡ್ಡ ಗಡಿಯಾರದ ಚಿತ್ರ: ರಸ್ತೆ ಮಟ್ಟವಾದರೆ ಗೋಪುರ ವಾಲುವುದೇಕೆ?

ಮೈಸೂರಿನ ದೊಡ್ಡ ಗಡಿಯಾರದ ಚಿತ್ರದಲ್ಲಿ ರಸ್ತೆಯನ್ನು ಮಟ್ಟವಾಗಿಸಿದರೆ ಗಡಿಯಾರದ ಗೋಪುರ ವಾಲಿದಂತೆ ಕಾಣುತ್ತದೆ, ಏಕೆ ಎಂದು ಕೇಳಿದ್ದೀರಿ. ನೀವು ರಸ್ತೆಯ ಅಂಚನ್ನು ಮಟ್ಟ ಮಾಡಲು ಹೋಗಿರುವುದೇ ಬಹುಶಃ ಕಾರಣ. ಓರೆಯಾಗಿ ನಿಂತು ತೆಗೆದಾಗ ರಸ್ತೆಯ ಅಂಚು, ಅಂಗಡಿಗಳ ಸಜ್ಜಾ, ಸಾಲು ಫಲಕಗಳು ಎಲ್ಲವೂ ದೂರ ಹೋದಂತೆ ಓರೆಯಾಗಿಯೇ ಕಾಣಬೇಕು. ಅದನ್ನು ಬಲವಂತವಾಗಿ ಮಟ್ಟ ಮಾಡಿದರೆ 1927ರಿಂದ ನೆಟ್ಟಗೆ ನಿಂತಿರುವ ಗೋಪುರ ವಾಲುತ್ತದೆ.

ಮೊದಲು ಮೊಬೈಲಿನಲ್ಲಿ ಗ್ರಿಡ್ ಗೆರೆಗಳನ್ನು ತೆರೆದುಕೊಳ್ಳಿ. ಗೋಪುರವನ್ನು ಚೌಕಟ್ಟಿನ ನಡುವಿಗೆ ತಂದು ಅದರ ಎರಡೂ ಅಂಚುಗಳನ್ನು ನೋಡಿ. ಎರಡೂ ಮೇಲಕ್ಕೆ ಹೋದಂತೆ ಒಂದೇ ಸಮನಾಗಿ ಒಳಗೆ ಸರಿದಿದ್ದರೆ ಮಟ್ಟ ಸರಿಯಿದೆ, ಮೊಬೈಲನ್ನು ಮೇಲ್ಮುಖವಾಗಿ ಓರೆ ಮಾಡಿ ಹಿಡಿದಿದ್ದರಿಂದ ಹಾಗಾಗಿದೆ ಅಷ್ಟೇ. ಎರಡೂ ಒಂದೇ ಕಡೆಗೆ ವಾಲಿದ್ದರೆ ಮಾತ್ರ ಮೊಬೈಲನ್ನು ತಿರುಗಿಸಿ ಸರಿಪಡಿಸಿ. ವಿದ್ಯುತ್ ಕಂಬಗಳನ್ನು ಅಳತೆಗೆ ಹಿಡಿಯಬೇಡಿ, ಹಲವು ನಿಜಕ್ಕೂ ವಾಲಿರುತ್ತವೆ.

ಅಂಚುಗಳು ಒಳಸರಿಯುವುದು ಬೇಡವೆಂದರೆ ಪುರಭವನದ ಕಡೆಗೆ ಸಾಧ್ಯವಾದಷ್ಟು ಹಿಂದೆ ಸರಿದು, ಮೊಬೈಲನ್ನು ಗೋಡೆಯಂತೆ ನೆಟ್ಟಗೆ ಹಿಡಿಯಿರಿ. ಕೆಳಗೆ ಹೆಚ್ಚಾಗಿ ಬರುವ ನೆಲವನ್ನು ಆಮೇಲೆ ಕತ್ತರಿಸಬಹುದು. ಅಗಲ ಕೋನದ ಲೆನ್ಸ್ ಬಳಸಿದ್ದೀರೋ ಇಲ್ಲವೋ ನಿಮ್ಮ ಪ್ರಶ್ನೆಯಿಂದ ತಿಳಿಯಲಿಲ್ಲ. ಬಳಸಿದ್ದರೆ ಸಾಮಾನ್ಯ ಲೆನ್ಸಿಗೆ ಬನ್ನಿ.

ಈಗಾಗಲೇ ತೆಗೆದಿರುವ ಚಿತ್ರಕ್ಕಾದರೆ ಮೊದಲು ತಿರುಗಿಸಿ, ನಂತರ ಲಂಬ ಪರ್ಸ್‌ಪೆಕ್ಟಿವ್ (ನೆಟ್ಟಗಿನ ಅಂಚುಗಳು ಮೇಲಕ್ಕೆ ಹೋದಂತೆ ಒಳಸರಿಯುವುದು) ಸರಿಪಡಿಸಿ. ಅಂಚುಗಳನ್ನು ಪೂರ್ತಿ ಸಮಾನಾಂತರ ಮಾಡದೆ ಚೂರು ಒಳಸರಿತ ಉಳಿಸಿ, ಇಲ್ಲವಾದರೆ ಗೋಪುರದ ತಲೆ ಉಬ್ಬಿದಂತೆ ಕಾಣುತ್ತದೆ.

ಕಟ್ಟಡವನ್ನು ನೇರ ಎದುರಿನಿಂದ ತೆಗೆಯುವಾಗ ಮಾತ್ರ ಮೆಟ್ಟಿಲು, ಸಜ್ಜಾಗಳನ್ನೂ ಮಟ್ಟವಾಗಿಡಿ. ಮೈಸೂರಿನದೇ ಕುಕ್ಕರಹಳ್ಳಿ ಕೆರೆಯ ಚಿತ್ರ ತೆಗೆಯುವಾಗಲಾದರೆ ಮಟ್ಟಕ್ಕೆ ಎದುರು ದಡವನ್ನು ನಂಬಬೇಡಿ. ಮರದ ತುದಿಯೂ ನೀರಿನಲ್ಲಿ ಅದರ ಬಿಂಬದ ತುದಿಯೂ ಒಂದೇ ಲಂಬಗೆರೆಯಲ್ಲಿ ಬರುವಂತೆ ನೋಡಿಕೊಳ್ಳಿ.