ಕಿಡಿಯನ್ನು ಒಂದೇ ಸಾಲಲ್ಲಿ ಆರಿಸಬೇಡಿ

ನಮಸ್ಕಾರ.

ನಿಮ್ಮ 'ಕಿಡಿಯಿಂದ ಲೇಸರ್‌ವರೆಗೆ' ಲೇಖನವನ್ನು ಎರಡು ಸಲ ಓದಿದೆ. ಆಫ್‌ಸೆಟ್ ಪ್ಲೇಟಿನ ಬಗ್ಗೆ, ಅಂದರೆ ಇಂಕು ಹತ್ತಿಸಿ ಅಚ್ಚೊತ್ತುವ ತೆಳು ಹಾಳೆಯ ಮೇಲೆ ಮೊದಲು ವಿದ್ಯುತ್ ಕಿಡಿಯಿಂದ, ಆಮೇಲೆ ಲೇಸರಿನಿಂದ ಚಿತ್ರ ಮೂಡಿಸಿದ ಬಗ್ಗೆ, ಕನ್ನಡದಲ್ಲಿ ಬರೆಯಲು ಹೊರಟಿದ್ದೀರಲ್ಲ, ಅದೇ ದೊಡ್ಡ ಖುಷಿ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳುತ್ತೇನೆ.

ಮೊದಲ ಒಂದೂವರೆ ಪುಟ ಪೂರ್ತಿ ಕಲ್ಲಚ್ಚು ಕಂಡುಹಿಡಿದ ಅಲೋಯ್ಸ್ ಸೆನೆಫೆಲ್ಡರ್. 1796, ಬವೇರಿಯಾ, ಸುಣ್ಣಕಲ್ಲು, ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅನ್ನುವ ಗುಟ್ಟು. ಎಲ್ಲ ಸರಿ. ಆಮೇಲೆ ತಟಕ್ಕನೆ 1991ರ ಶಿಕಾಗೋ ಮುದ್ರಣ ಪ್ರದರ್ಶನಕ್ಕೆ ಹಾರಿ, ಪ್ರೆಸ್‌ಟೆಕ್‌ನ ತಂತ್ರ ಬಳಸಿ ಹೈಡಲ್‌ಬರ್ಗ್ ಕಂಪನಿ ತಂದ, ಕಿಡಿಯಿಂದ ಪ್ಲೇಟನ್ನು ತನ್ನೊಳಗೇ ಸಿದ್ಧಮಾಡುವ ಜಿಟಿಒ-ಡಿಐ ಮುದ್ರಣ ಮೆಷಿನ್ ತೋರಿಸುತ್ತೀರಿ. ಆ ಮೆಷಿನ್ನಿನ ಪ್ಲೇಟಿಗೆ ನೀರೇ ಬೇಕಿಲ್ಲ! ಇದನ್ನು ನೀವು ಎಲ್ಲೂ ಹೇಳಿಲ್ಲ. ಅಷ್ಟು ಹೊತ್ತು ನೀರಿನ ಕಥೆ ಕೇಳಿದ ಓದುಗರು, ನೀರು ಎಲ್ಲಿ ಹೋಯಿತು ಅಂತ ಕೇಳ್ತಾರೆ ಅಲ್ವಾ?

ಚಿತ್ರವಿಲ್ಲದ ಕಡೆ ಇಂಕು ಹತ್ತದಂತೆ ತಡೆಯುವ ನೀರಿನ ಕೆಲಸವನ್ನು ಅಲ್ಲಿ ಸಿಲಿಕೋನ್ ರಬ್ಬರ್ ಮಾಡುತ್ತದೆ. ಕೆಳಗೆ ಪಾಲಿಯೆಸ್ಟರ್ ಹಾಳೆ, ಅದರ ಮೇಲೆ ತೀರಾ ತೆಳುವಾದ ಲೋಹದ ಲೇಪ, ಎಲ್ಲಕ್ಕೂ ಮೇಲೆ ಸಿಲಿಕೋನ್. ಸಿಲಿಕೋನಿಗೆ ಇಂಕು ಹತ್ತುವುದಿಲ್ಲ, ಪಾಲಿಯೆಸ್ಟರಿಗೆ ಹತ್ತುತ್ತದೆ. ಇಂಕಿನ ಚುಕ್ಕೆ ಬೇಕಾದ ಕಡೆ ಮೇಲಿನೆರಡು ಪದರ ಹೋಗಬೇಕು, ಅಷ್ಟೇ. ಇದನ್ನು ಹೇಳದೆ ಕಿಡಿಯೂ ಅರ್ಥವಾಗುವುದಿಲ್ಲ, ಲೇಸರೂ ಅರ್ಥವಾಗುವುದಿಲ್ಲ.

"ಕಿಡಿಯ ವಿಧಾನ ಯಶಸ್ವಿಯಾಗಲಿಲ್ಲ, ಲೇಸರ್ ಬಂತು" ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ನನಗೆ ಜಾಸ್ತಿ ಬೇಜಾರಾಗಿದ್ದು ಇಲ್ಲೇ. ಆ ನೋಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಿಲಿಂಡರಿಗೆ ಸುತ್ತಿದ ಪ್ಲೇಟು ತಿರುಗುತ್ತಿದೆ. ಅದಕ್ಕೆ ತಾಗಿಯೂ ತಾಗದ ಹಾಗೆ ಸೂಜಿಯಂಥ ಎಲೆಕ್ಟ್ರೋಡು. ಕಿಡಿ ಹಾರಿದಾಗ ಸಿಲಿಕೋನೂ ಲೋಹವೂ ಸುಟ್ಟು ಒಂದು ಚುಕ್ಕೆ ಬೀಳುತ್ತದೆ. ಆದರೆ ಕಿಡಿ ಸೂಜಿಯ ನೇರಕ್ಕೇ ಇಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಸಿಡಿಲಿನ ಹಾಗೆ ಸುಲಭದ ದಾರಿ ಹುಡುಕಿ ಪಕ್ಕಕ್ಕೆ ಸರಿಯುತ್ತದೆ. ಚುಕ್ಕೆಯ ಅಂಚು ಇಲಿ ಕಚ್ಚಿದ ರೊಟ್ಟಿಯಂತಾಗುತ್ತದೆ. ಸೂಜಿಯ ಮೊನೆಯೂ ಸವೆಯುತ್ತದೆ. 1993ಕ್ಕೆ ಕಿಡಿಯ ಜಾಗಕ್ಕೆ ಲೇಸರ್ ಡಯೋಡು ಬಂದಿದ್ದು ಸುಮ್ನೆ ಅಲ್ಲ.

ಇನ್ನು, "ಲೇಸರ್ ಸಿಲಿಕೋನನ್ನು ಸುಡುತ್ತದೆ" ಅಂತ ಬರೆದಿದ್ದು ತಪ್ಪು. ಕಣ್ಣಿಗೆ ಕಾಣದ ಆ ಇನ್‌ಫ್ರಾರೆಡ್ ಬೆಳಕು ಸಿಲಿಕೋನನ್ನು ದಾಟಿ ಹೋಗುತ್ತದೆ. ಅದನ್ನು ಹೀರಿ ಕಾಯುವುದು ಒಳಗಿನ ಲೋಹ. ಲೋಹ ಹಾರಿಹೋದ ಕಡೆ ಸಿಲಿಕೋನಿನ ಹಿಡಿತ ತಪ್ಪುತ್ತದೆ, ಆಮೇಲೆ ಒರೆಸಿ ತೆಗೆಯಬೇಕು. ಕಿಡಿ ಮೇಲಿಂದ ಹೊಡೆಯುತ್ತದೆ, ಲೇಸರ್ ಬುಡ ಬಿಡಿಸುತ್ತದೆ. ಈ ವ್ಯತ್ಯಾಸಕ್ಕೇ ಒಂದು ಪುಟ ಕೊಡಿ.

ನಾಲ್ಕೂ ಬಣ್ಣದ ಪ್ಲೇಟು ಮೆಷಿನ್ನಿನೊಳಗೇ ಒಟ್ಟಿಗೆ ಸಿದ್ಧವಾಗುವುದರಿಂದ ಬಣ್ಣದ ಮೇಲೆ ಬಣ್ಣ ಕೂರಿಸುವ ಒದ್ದಾಟ ಎಷ್ಟು ತಗ್ಗಿತು ಅನ್ನುವ ಪ್ಯಾರಾ ತುಂಬಾ ಚೆನ್ನಾಗಿದೆ. ಒಂದಕ್ಷರವನ್ನೂ ಮುಟ್ಟಬೇಡಿ. ಪ್ಲೇಟಿನ ಮೇಲೆ ಚಿತ್ರ ಮೂಡಿಸುವುದಕ್ಕೆ ನೀವು ಬಳಸಿದ 'ಪ್ರತಿಬಿಂಬೀಕರಣ' ಅನ್ನುವ ಪದವನ್ನು ಮಾತ್ರ ಬಿಡಿ. ಪ್ರೆಸ್ಸಿನಲ್ಲಿ ಯಾರೂ ಹಾಗನ್ನುವುದಿಲ್ಲ.

ಒಂದು ಸಲ ಹತ್ತಿರದ ಆಫ್‌ಸೆಟ್ ಪ್ರೆಸ್ಸಿಗೆ ಹೋಗಿ ಬನ್ನಿ. ಅಲ್ಲಿರುವುದು ಬಹುಶಃ ನೀರು ಬೇಡುವ ಅಲ್ಯೂಮಿನಿಯಂ ಪ್ಲೇಟು. ಭೂತಗನ್ನಡಿ ಹಿಡಿದು ಅದರ ಚುಕ್ಕೆ ನೋಡಿ, ಬೆರಳಾಡಿಸಿ ನೋಡಿ. ನಂತರ ಕಿಡಿಯ ಚುಕ್ಕೆಯಿಂದಲೇ ಲೇಖನ ಶುರು ಮಾಡಿ. ಸೆನೆಫೆಲ್ಡರ್‌ಗೆ ನಾಲ್ಕು ಸಾಲು ಸಾಕು. ತಿದ್ದಿದ ಪ್ರತಿಯನ್ನು ನನಗೇ ಕಳಿಸಿ, ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ